ಉಬುಂಟುವಿನಲ್ಲಿ ಪ್ಯಾಕೇಜ್ ಕೈಕೊಟ್ಟಾಗ

‘ಅನ್‌ಮೆಟ್ ಡಿಪೆಂಡೆನ್ಸೀಸ್’ ಅಂತ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಹೇಳಿದ ತಕ್ಷಣ ಗಾಬರಿಯಾಗಿ ಇಡೀ ಉಬುಂಟು ಆಪರೇಟಿಂಗ್ ಸಿಸ್ಟಮನ್ನೇ ಮತ್ತೆ ಹಾಕಬೇಡಿ. ಒಂದು ಪ್ಯಾಕೇಜಿಗೆ, ಅಂದರೆ ಸಾಫ್ಟ್‌ವೇರಿನ ಕಟ್ಟಿಗೆ, ಬೇಕಾದ ಇನ್ನೊಂದು ಸಿಕ್ಕಿಲ್ಲ, ಅಷ್ಟೇ.

ಮೊದಲು ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’ ಕೊಡಿ. ಅಪ್‌ಡೇಟ್ ಆಗುತ್ತಿದ್ದಾಗ ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಕೆಲಸವನ್ನು ಇದು ಮುಗಿಸುತ್ತದೆ. ಆಮೇಲೆ ‘ಸುಡೋ ಆಪ್ಟ್ ಅಪ್‌ಡೇಟ್’. ನಂತರ ‘ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’.

ಇಲ್ಲಿ ಸ್ವಲ್ಪ ನಿಲ್ಲಿ. ಸುಮ್ನೆ ‘ವೈ’ ಒತ್ತಬೇಡಿ. ಏನೇನು ತೆಗೆಯುತ್ತೇನೆ ಅಂತ ಆಪ್ಟ್ (ಪ್ಯಾಕೇಜು ಹಾಕಿ ತೆಗೆಯುವ ಸಾಧನ) ಪಟ್ಟಿ ಕೊಡುತ್ತದೆ, ಅದನ್ನು ಪೂರ್ತಿ ಓದಿ. ‘ಉಬುಂಟು-ಡೆಸ್ಕ್‌ಟಾಪ್’ ಜೊತೆ ಪ್ಯಾಕೇಜುಗಳ ದೊಡ್ಡ ಸಾಲೇ ಅದರಲ್ಲಿದ್ದರೆ ‘ಎನ್’ ಒತ್ತಿ ಹೊರಗೆ ಬನ್ನಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ.

ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿರುವುದು ಉಬುಂಟು 22.04 ಆವೃತ್ತಿ. ಪ್ರಿಂಟರಿಗೆ ಅಂತ ಇಳಿಸಿಕೊಂಡ ಡೆಬ್ ಫೈಲ್ (ಪ್ಯಾಕೇಜ್ ಇರುವ ಫೈಲ್) ‘ಲಿಬ್‌ಎಸ್‌ಎಸ್‌ಎಲ್1.1’ ಬೇಕು ಅಂತ ಹಠ ಹಿಡಿಯಿತು. ಆ ಲೈಬ್ರರಿ (ಬೇರೆ ಸಾಫ್ಟ್‌ವೇರ್‌ಗಳು ಬಳಸುವ ಕೋಡ್) 20.04ರ ಕಾಲದ್ದು. 22.04ರಲ್ಲಿ ಇರುವುದು ‘ಲಿಬ್‌ಎಸ್‌ಎಸ್‌ಎಲ್3’. ಎಷ್ಟು ಸಲ ರಿಪೇರಿ ಮಾಡಿದರೂ ಇಲ್ಲದ್ದು ಎಲ್ಲಿಂದ ಬರಬೇಕು, ಅಲ್ವಾ? ಹಳೆಯ ಲೈಬ್ರರಿಯನ್ನು ಎಲ್ಲಿಂದಲೋ ತಂದು ತುರುಕಬೇಡಿ. ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ. ‘ಸುಡೋ ಆಪ್ಟ್ ರಿಮೂವ್’ ಮುಂದೆ ಪ್ಯಾಕೇಜಿನ ಹೆಸರು ಕೊಟ್ಟು ಆ ಡೆಬ್ ತೆಗೆದು, ನಿಮ್ಮ ಆವೃತ್ತಿಗೆ ಹೊಂದುವುದನ್ನು ಹಾಕಿ.

ಇಷ್ಟಾದರೂ ಸರಿಹೋಗದಿದ್ದರೆ ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಕೊಟ್ಟು, ಯಾವುದಾದರೂ ಪ್ಯಾಕೇಜನ್ನು ತಡೆಹಿಡಿದಿದೆಯಾ ನೋಡಿ. ಹಿಂದೆ ಸೇರಿಸಿದ ಪಿಪಿಎಗಳನ್ನೂ (ಉಬುಂಟುವಿನ ಹೊರಗಿನ ಪ್ಯಾಕೇಜ್ ಮೂಲಗಳನ್ನೂ) ‘ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್’ ಒಳಗೆ ಹೋಗಿ ಟಿಕ್ ತೆಗೆದು, ಮತ್ತೊಮ್ಮೆ ಅಪ್‌ಡೇಟ್ ಮಾಡಿ.