ಡೀರಮ್‌ನ ಕೆಂಪು ಇಂಜಿನ್ನು

ನಾವಿರುವ ಇಂಗ್ಲೆಂಡಿನ ನಾರ್ವಿಚ್‌ನಿಂದ ಪಶ್ಚಿಮಕ್ಕೆ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಡೀರಮ್ ಅಂತ ಒಂದು ಪೇಟೆ. 1920ರ ದಶಕದಿಂದ 1930ರ ದಶಕದ ನಡುವಿನವರೆಗೆ ಬೌಮನ್ ಕಂಪನಿಯ ಆಟಿಕೆ ಉಗಿ ಇಂಜಿನ್ನುಗಳು ತಯಾರಾಗುತ್ತಿದ್ದದ್ದು ಅಲ್ಲೇ. ಕೆಲಸಕ್ಕೆಂದು ಇಲ್ಲಿಗೆ ಬಂದು ಆರು ವರ್ಷವಾದರೂ ನನಗದು ಗೊತ್ತಿರಲಿಲ್ಲ. ಒಂದು ಭಾನುವಾರ ಹಳೇ ಆಟಿಕೆಗಳ ಸಂತೆಗೆ ಹೋದಾಗ, ಮೇಜಿನ ಕೆಳಗೆ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯೊಳಗೆ ಬೌಮನ್‌ನ 234ನೇ ಮಾಡೆಲ್ ಸಿಕ್ಕಿತು. ಕೆಂಪು ಬಣ್ಣ, 32 ಮಿಲಿಮೀಟರ್ ಹಳಿಯದು. ಆ ಹಳಿಗೆ ಅದರ ಮೈ ಸ್ವಲ್ಪ ದೊಡ್ಡದೇ ಆಯಿತು, ಅಣ್ಣನ ಕೋಟು ಹಾಕಿಕೊಂಡ ತಮ್ಮನ ಹಾಗೆ. "ಓಡುತ್ತಾ?" ಎಂದೆ. ಮಾರುವವನು ಭುಜ ಹಾರಿಸಿದ.

ಅಪ್ಪ ಅರಸೀಕೆರೆಯಲ್ಲಿ ಮೀಟರ್ ಗೇಜ್ ಇಂಜಿನ್ನುಗಳ ಮೇಲೆ ಫೈರ್‌ಮನ್ ಆಗಿದ್ದವರು. ರಾತ್ರಿ ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

"ಗೇಜ್ ಗ್ಲಾಸ್ ಎಲ್ಲೋ?" ಬಾಯ್ಲರಿನಲ್ಲಿ ನೀರೆಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆ ಅದು.

"ಇದಕ್ಕಿಲ್ಲ ಅಪ್ಪ."

"ನೀರು ಕಾಣದೆ ಬೆಂಕಿ ಹಾಕ್ತೀಯೇನೋ? ಚೆನ್ನಾಗಿದೆ ನಿನ್ನ ಡ್ಯೂಟಿ."

ಆ ಮಾತಿನಿಂದಲೇ ನನ್ನ ಕೆಲಸ ಶುರುವಾಯಿತು. ಬಣ್ಣ, ಚಕ್ರ ಎಲ್ಲ ಆಮೇಲೆ, ಮೊದಲು ಬಾಯ್ಲರ್. ತಣ್ಣೀರನ್ನು ಗಾಳಿಗುಳ್ಳೆ ಉಳಿಯದ ಹಾಗೆ ತುಂಬಿಸಿ, ಕೈಪಂಪಿನಿಂದ ಒತ್ತಡವನ್ನು ಇಂಜಿನ್ ಓಡುವಾಗ ಇರುವುದರ ಒಂದೂವರೆ ಪಟ್ಟು ಏರಿಸಿ ಹತ್ತು ನಿಮಿಷ ಒತ್ತಡಮಾಪಕದ ಮುಳ್ಳು ನೋಡುತ್ತ ಕೂತೆ. ಗಾಳಿ ತುಂಬಿ ಪರೀಕ್ಷೆ ಮಾಡುವವರಿದ್ದಾರೆ, ದಯವಿಟ್ಟು ಮಾಡಬೇಡಿ. ಬೆಸುಗೆ ಬಿಟ್ಟರೆ ನೀರು ಒಂದೆರಡು ಹನಿ ಸೋರಿ ಒತ್ತಡ ಇಳಿಯುತ್ತದೆ, ಗಾಳಿಯಾದರೆ ಸಿಡಿಯುತ್ತದೆ. ಇಲ್ಲಿನ ಮಾದರಿ ಇಂಜಿನ್ ಕ್ಲಬ್ಬುಗಳಲ್ಲಿ ಬಾರ್ ಲೆಕ್ಕದ ಒತ್ತಡವನ್ನು ಲೀಟರ್ ಲೆಕ್ಕದ ನೀರಿನಿಂದ ಗುಣಿಸಿ, 3 ದಾಟದಿದ್ದರೆ ಸಣ್ಣ ಬಾಯ್ಲರ್ ಎನ್ನುತ್ತಾರೆ. ನನ್ನದು ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗಂತ ಉಗಿ ಕೈ ಸುಡದೆ ಬಿಡುತ್ತದೆಯೆ! ಸೇಫ್ಟಿ ವಾಲ್ವಿನ ಸ್ಪ್ರಿಂಗ್ ತುಕ್ಕು ಹಿಡಿದು ಅಂಟಿಕೊಂಡಿತ್ತು. ಹೊಸ ವಾಲ್ವ್ ಹಾಕಿ, ಹಳೆಯದನ್ನು ಚೀಟಿ ಅಂಟಿಸಿದ ಪೊಟ್ಟಣದಲ್ಲಿ ಇಟ್ಟಿದ್ದೇನೆ. ಕಿತ್ತ ಯಾವ ಭಾಗವನ್ನೂ ನಾನು ಎಸೆಯುವುದಿಲ್ಲ. ಮುಂದೆ ಯಾರ ಕೈಗೆ ಹೋದರೂ ಅವರಿಗೆ ಬೇಕಾದೀತು.

ಈ ಇಂಜಿನ್ನಿನಲ್ಲಿ ಸಿಲಿಂಡರೇ ತೊಟ್ಟಿಲಿನ ಹಾಗೆ ತೂಗುತ್ತದೆ. ಅದರ ಚಪ್ಪಟೆ ಮುಖ ಒಂದು ಹಿತ್ತಾಳೆ ಬ್ಲಾಕಿಗೆ ಒರಗಿಕೊಂಡಿರುತ್ತದೆ. ಎರಡರಲ್ಲೂ ತೂತುಗಳಿವೆ. ಅತ್ತ ವಾಲಿದಾಗ ತೂತಿಗೆ ತೂತು ಕೂಡಿ ಉಗಿ ಒಳಗೆ, ಇತ್ತ ವಾಲಿದಾಗ ಹೊರಗೆ. ಎರಡನ್ನೂ ಒಂದು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ಮುಖಕ್ಕೆ ಗೀರು ಬಿದ್ದಿದ್ದರೆ ಉಗಿಯೆಲ್ಲ ಅಲ್ಲೇ ಸುಸ್ಸೆಂದು ಹೋಗುತ್ತದೆ. ಸ್ಪ್ರಿಂಗ್ ಬಿಗಿ ಮಾಡಿದರೆ ನಿಲ್ಲುತ್ತದೆ ಅಂತ ನಾನೂ ಮಾಡಿ ನೋಡಿದೆ. ಸೋರುವುದು ನಿಂತಿತು, ಇಂಜಿನ್ನೂ ನಿಂತಿತು. ಕೊನೆಗೆ ದಪ್ಪ ಗಾಜಿನ ಮೇಲೆ ಅತಿ ನಯದ ಉಪ್ಪುಕಾಗದ ಹಾಸಿ, ಎಣ್ಣೆ ಬಿಟ್ಟು, ಸಿಲಿಂಡರಿನ ಮುಖವನ್ನು ಎಂಟರ ಆಕಾರದಲ್ಲಿ ತಿಕ್ಕಿದೆ. ಮುಖಕ್ಕೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದು ತಿಕ್ಕಿದರೆ ತಗ್ಗಿರುವ ಕಡೆ ಕಪ್ಪು ಹಾಗೇ ಉಳಿಯುತ್ತದೆ. ಆ ಕಪ್ಪು ಪೂರ್ತಿ ಹೋಗಲು ಎರಡು ಸಂಜೆ ಹಿಡಿಯಿತು. ಒತ್ತಿ ತಿಕ್ಕಬಾರದು, ಸಿಲಿಂಡರಿನ ಭಾರವೇ ಸಾಕು. ಆಮೇಲೆ ಉಗಿ ಇಂಜಿನ್ನಿಗೆಂದೇ ಸಿಗುವ ಮಂದ ಎಣ್ಣೆ ಬಿಟ್ಟೆ. ಹೊಲಿಗೆ ಮಿಷನ್ ಎಣ್ಣೆ ಆ ಬಿಸಿಗೆ ನಿಲ್ಲುವುದಿಲ್ಲ.

ಇನ್ನು ಅಪ್ಪನ ಪ್ರಶ್ನೆ. ನೀರು ಕಾಣುವುದಿಲ್ಲ, ಸರಿ, ಅಳೆಯಬಹುದಲ್ಲ? ಬಾಯ್ಲರಿಗೆ ಪೂರ್ತಿ ಎಷ್ಟು ಹಿಡಿಯುತ್ತದೆಂದು ಸಿರಿಂಜಿನಲ್ಲಿ ಅಳೆದು, ಮುಕ್ಕಾಲು ಮಾತ್ರ ತುಂಬಿಸಿದೆ. ಬಾಯ್ಲರನ್ನು ಕಾಯಿಸುವ ದೀಪಕ್ಕೆ ಸ್ವಲ್ಪವೇ ಸ್ಪಿರಿಟ್ ಹಾಕಿ ಉರಿಸಿ, ಆರಿದ ಮೇಲೆ ಉಳಿದ ನೀರನ್ನು ಮತ್ತೆ ಎಳೆದು ಅಳೆದೆ. ಹೀಗೆ ನಾಲ್ಕೈದು ಸಲ ಮಾಡಿದ ಮೇಲೆ ನೀರು ಮುಗಿಯುವುದಕ್ಕೆ ಬಹಳ ಮೊದಲೇ ಬೆಂಕಿ ಆರುವ ಅಳತೆ ಸಿಕ್ಕಿತು. ಒಣ ಬಾಯ್ಲರಿನ ಕೆಳಗೆ ಬೆಂಕಿ ಉರಿದರೆ ಬೆಸುಗೆ ಕರಗಿ ಇಂಜಿನ್ನಿನ ಕಥೆ ಮುಗಿದ ಹಾಗೆಯೇ.

ಇಷ್ಟೆಲ್ಲ ಲೆಕ್ಕ ಹಾಕಿದವನು ಎಡವಿದ್ದು ಒಂದು ಚಮಚ ಸ್ಪಿರಿಟ್‌ನಲ್ಲಿ. ಜೂನ್ ತಿಂಗಳು, ಒಳ್ಳೇ ಬಿಸಿಲು. ದೀಪಕ್ಕೆ ಸುರಿಯುವಾಗ ತುಸು ಚೆಲ್ಲಿತ್ತು, ಒರೆಸದೆ ಕಡ್ಡಿ ಗೀರಿದೆ. ಸ್ಪಿರಿಟ್ಟಿನ ಜ್ವಾಲೆ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಡ್ರೈವರ್ ನಿಲ್ಲುವ ಕ್ಯಾಬಿನ ಪಕ್ಕದ ಕೆಂಪು ಬಣ್ಣ ತಾನೇ ತಾನಾಗಿ ಹಪ್ಪಳದ ಹಾಗೆ ಉಬ್ಬಿದ್ದು ನೋಡಿದಾಗಲೇ ತಿಳಿದದ್ದು. ಒದ್ದೆ ಬಟ್ಟೆ ಹೊದಿಸಿ ಆರಿಸಿದೆ. ತೊಂಬತ್ತು ವರ್ಷ ಉಳಿದುಬಂದ ಬಣ್ಣ, ನನ್ನ ಕೈಯಲ್ಲಿ ಅರ್ಧ ನಿಮಿಷ ಬಾಳಲಿಲ್ಲ. ಹೊಸ ಬಣ್ಣ ಹೊಡೆಸು ಅಂತ ಸ್ನೇಹಿತರು ಹೇಳಿದರು, ಹೊಡೆಸಲಿಲ್ಲ. ಕಾರ್ಖಾನೆಯ ಬಣ್ಣ ಹೋದರೆ ಸಂಗ್ರಹಕಾರರ ಕಣ್ಣಲ್ಲಿ ಬೆಲೆ ಇಳಿಯುತ್ತದೆ ಅನ್ನುವುದು ಒಂದು ಕಾರಣ. ತಪ್ಪು ಕಣ್ಣೆದುರಿಗೇ ಇರಲಿ ಅನ್ನುವುದು ಇನ್ನೊಂದು. ಈಗ ಹತ್ತಿರದಲ್ಲಿ ಒದ್ದೆ ಬಟ್ಟೆ ಇಲ್ಲದೆ ಕಡ್ಡಿಪೆಟ್ಟಿಗೆ ಮುಟ್ಟುವುದಿಲ್ಲ.

ಆಮೇಲೆ ಮಾಮಡ್ ಕಂಪನಿಯ ಎಸ್‌ಎಲ್1 ಒಂದು ಬಂತು. 1979ರಲ್ಲಿ ಹೊರಬಂದ, ಇಂಧನದ ಬಿಲ್ಲೆ ಉರಿಸಿ ಓಡಿಸುವ ಪುಟ್ಟ ಇಂಜಿನ್ನು. ಹೊಸಬರು ಅದರಿಂದ ಶುರುಮಾಡುವುದು ವಾಸಿ. ಹಾಳಾದರೂ ಎದೆ ಒಡೆಯುವುದಿಲ್ಲ, ಬಿಡಿಭಾಗವೂ ಸಿಗುತ್ತದೆ. ಜಪಾನಿನ ಆಸ್ಟರ್ ಇಂಜಿನ್ನುಗಳ ಆಸೆ ನನಗೂ ಉಂಟು, ಆದರೆ ಮನೆಯಲ್ಲಿ ಆ ಬೆಲೆ ಬಾಯಿಬಿಟ್ಟು ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಕಳೆದ ತಿಂಗಳು ಸ್ನೇಹಿತರ ಹಿತ್ತಲಿನ ಹಳಿಯ ಮೇಲೆ ಬೌಮನ್ ಓಡಿತು. ಒಂಟಿಯಾಗಿ ಬಿಟ್ಟರೆ ತಿರುವಿನಲ್ಲಿ ಹಾರಿಹೋಗುವಷ್ಟು ಓಟ, ಅದಕ್ಕೆ ಭಾರ ಹಾಕಿಯೇ ಹದಕ್ಕೆ ತರಬೇಕು. ಹಿಂದೆ ಮೂರು ಬೋಗಿ ಸಿಗಿಸಿದ್ದೆ. ಅಪ್ಪ ಫೋನಿನಲ್ಲಿ ನೋಡುತ್ತಿದ್ದರು, ಮಾತಿಲ್ಲ. ಬೆಂಕಿ ಆರಿ ಇಂಜಿನ್ ನಿಂತಿತು. ತಣ್ಣಗಾಗುವವರೆಗೆ ಕಾದು, ಬಿರಡೆ ತೆಗೆದು, ಉಳಿದ ನೀರನ್ನು ಸಿರಿಂಜಿಗೆ ಎಳೆದು ಕ್ಯಾಮೆರಾ ಮುಂದೆ ಹಿಡಿದೆ.

"ಕಾಣ್ತಾ ಅಪ್ಪ?"

"ಕಾಣ್ತು, ಕಾಣ್ತು. ಸರಿ, ಇನ್ನೊಂದು ಬೋಗಿ ಸಿಗಿಸು."