ಜಾಷ್ ಮಾವನಿಗೆ ಹಾರ್ಮೋನಿಯಂ

ಮೂಕಿ ಚಿತ್ರಗಳಿಗೆ ಹಾರ್ಮೋನಿಯಂ ನುಡಿಸುವುದು ನನ್ನ ಹವ್ಯಾಸ. ಗೆಳೆಯನೊಬ್ಬ ಪ್ರೊಜೆಕ್ಟರ್ ನೋಡಿಕೊಳ್ಳುತ್ತಾನೆ, ಇನ್ನೊಬ್ಬ ತಮಟೆ ಹಿಡಿಯುತ್ತಾನೆ. ಹಳ್ಳಿಗಳಲ್ಲಿ ನಾವು ಮೊದಲು ಹಾಕುವುದು 'ಅಂಕಲ್ ಜಾಷ್ ಅಟ್ ದ ಮೂವಿಂಗ್ ಪಿಕ್ಚರ್ ಶೋ'. 1902ರಲ್ಲಿ ಅಮೆರಿಕದ ಎಡಿಸನ್ ಕಂಪನಿಗೆ ಎಡ್ವಿನ್ ಎಸ್. ಪೋರ್ಟರ್ ತೆಗೆದದ್ದು. ಎರಡು ನಿಮಿಷದ ಆಸುಪಾಸು, ಅಷ್ಟೇ.

ಹಳ್ಳಿಯ ಜಾಷ್ ಸಿನಿಮಾ ನೋಡಲು ಬಂದು ಪರದೆ ಪಕ್ಕದ ಪ್ರತ್ಯೇಕ ಆಸನದ ಬಾಕ್ಸ್‌ನಲ್ಲಿ ಕೂತಿದ್ದಾನೆ. ಪರದೆ ಮೇಲೆ ನರ್ತಕಿ ಬರುತ್ತಾಳೆ. ಇವನೂ ವೇದಿಕೆಗೆ ಜಿಗಿದು ಕುಣಿಯುತ್ತಾನೆ. ರೈಲು ಬರುತ್ತದೆ, ಎದ್ದೆನೋ ಬಿದ್ದೆನೋ ಅಂತ ಓಡುತ್ತಾನೆ. ಆಮೇಲೆ ಒಂದು ಹಳ್ಳಿ ಜೋಡಿಯ ಸರಸ. ಹುಡುಗಿ ತನ್ನ ಮಗಳೇ ಅಂದುಕೊಂಡು ಕೋಟು ಬಿಚ್ಚಿ ಹೊಡೆದಾಟಕ್ಕೆ ಹೋಗಿ ಪರದೆಯನ್ನೇ ಕಿತ್ತು ಹಾಕುತ್ತಾನೆ. ಹಿಂದೆ ಪ್ರೊಜೆಕ್ಟರ್ ನಡೆಸುವವನು! ಇಬ್ಬರಿಗೂ ಕುಸ್ತಿ.

ಇದು ಪೋರ್ಟರ್‌ನ ಸ್ವಂತ ಕಲ್ಪನೆ ಏನಲ್ಲ. 1901ರಲ್ಲೇ ಇಂಗ್ಲೆಂಡಿನ ರಾಬರ್ಟ್ ಪಾಲ್ ಇದೇ ಕಥೆ ಮಾಡಿದ್ದ. ಅದು ಪೂರ್ತಿ ಉಳಿದಿಲ್ಲ.

ಪೋರ್ಟರ್ ಚಿತ್ರದ ಪ್ರತಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಇಳಿಸಿಕೊಂಡ ಮೇಲೆ ಮೊದಲು ವೇಗ ನೋಡಬೇಕು. ಆಗ ಕ್ಯಾಮೆರಾ ಹಿಡಿಕೆಯನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಸೆಕೆಂಡಿಗೆ 16 ಚೌಕಟ್ಟಿನಂತೆ (ಬಿಡಿ ಚಿತ್ರ) ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಒಂದೂವರೆ ಪಟ್ಟು ಜೋರಾಗಿ ಓಡುತ್ತದೆ. ನಾನು ವಿಡಿಯೊ ಓಡಿಸುವ ತಂತ್ರಾಂಶ ವಿಎಲ್‌ಸಿಯಲ್ಲಿ ವೇಗ ಇಳಿಸುತ್ತಾ ಹೋಗುತ್ತೇನೆ. ಜಾಷ್ ಮಾಮೂಲಿ ಮನುಷ್ಯನಂತೆ ನಡೆಯತೊಡಗಿದ ಕೂಡಲೇ ನಿಲ್ಲಿಸುತ್ತೇನೆ. ಅವನು ಬೊಂಬೆ ತರ ಕುಣಿದರೆ ಹೆದರಿಕೆ ನಿಜ ಅನ್ನಿಸುವುದಿಲ್ಲ.

ಈಗ ಸಂಗೀತ. ನನ್ನ ನಿಯಮ ಒಂದೇ: ಜಾಷ್‌ನನ್ನು ಅಣಕಿಸುವ ಒಂದು ಸ್ವರವೂ ಬೇಡ. ನ್ಯೂಯಾರ್ಕ್‌ನವರು 'ಹಳ್ಳಿ ಗುಗ್ಗು' ಅಂತ ನಕ್ಕಿರಬಹುದು. ನಮ್ಮ ಮುಂದೆ ಕೂತಿರುವವರು ಹಳ್ಳಿಯವರೇ ಅಲ್ವಾ? ಅದಕ್ಕೆ ಪರದೆಯೊಳಗಿನ ಪರದೆಗೆ ಮಾತ್ರ ನುಡಿಸುತ್ತೇನೆ. ನರ್ತಕಿಗೆ ಚುರುಕಾದ ಒಂದು ತುಣುಕು. ಜಾಷ್ ಕುಣಿದಾಗಲೂ ಅದೇ, ಬದಲಿಲ್ಲ. ರೈಲಿಗೆ ಬರೀ ತಮಟೆ. ದೂರದಲ್ಲಿದ್ದಾಗ ಬೆರಳ ತುದಿಯಲ್ಲಿ ಶುರು, ಹತ್ತಿರ ಬಂದಂತೆ ಕೋಲು. ಇಂಜಿನ್ ಮುಖಕ್ಕೆ ಬಂದಾಗ ತಟ್ಟನೆ ನಿಲ್ಲಬೇಕು. ಆ ನಿಶ್ಶಬ್ದದಲ್ಲಿ ಜಾಷ್ ಓಡಿದರೆ ನಗು ತಾನಾಗಿಯೇ ಬರುತ್ತದೆ. ಜೋಡಿಯ ದೃಶ್ಯಕ್ಕೆ ಎಡಗೈ ತಿದಿ ಮೆಲ್ಲಗೆ ಒತ್ತುತ್ತಾ ಒಂದೇ ಸ್ವರ ಹಿಡಿದಿರುತ್ತೇನೆ. ಪರದೆ ಕಿತ್ತಾಗ ಅದೂ ನಿಂತುಬಿಡುತ್ತದೆ.

ಒಂದೂರಲ್ಲಿ ಈ ದೃಶ್ಯಕ್ಕೆ ಅಜ್ಜಿಯೊಬ್ಬರು ಪಕ್ಕದವರಿಗೆ, "ಮಗಳು ಅಂದ್ಕೊಂಡ ಮೇಲೆ ಯಾವ ಅಪ್ಪ ಸುಮ್ನೆ ಕೂರ್ತಾನೆ ಕಣವ್ವಾ?" ಅಂದರು. ನನಗೆ ಬೇಕಿದ್ದದ್ದು ಇದೇ.

ಎರಡನೆಯದು 1903ರ 'ರೂಬ್ ಅಂಡ್ ಮ್ಯಾಂಡಿ ಅಟ್ ಕೋನಿ ಐಲೆಂಡ್'. ಅದೂ ಪೋರ್ಟರ್‌ನದೇ. ಹಳ್ಳಿ ದಂಪತಿ ನ್ಯೂಯಾರ್ಕಿನ ಆ ಮೋಜಿನ ತಾಣದಲ್ಲಿ ಆಟದ ಬಂಡಿಗಳನ್ನೆಲ್ಲ ಹತ್ತಿಳಿದು ಕೊನೆಗೆ ಸಾಸೇಜು ತಿನ್ನುತ್ತಾರೆ. ಜಾತ್ರೆ ಕಂಡವರಿಗೆ ವಿವರಿಸಲು ಏನಿಲ್ಲ. ಆದರೆ ಉದ್ದ ಜಾಸ್ತಿ, ನಡುವೆ ಕೈ ಸೋಲುತ್ತದೆ.

ಪ್ರೊಜೆಕ್ಟರ್‌ನ್ನು ನಾವೂ ಪರದೆಯ ಹಿಂದೆಯೇ ಇಡುತ್ತೇವೆ. ತೆಳು ಬಿಳಿ ಬಟ್ಟೆ ಸಾಕು. ಮೆನುವಿನಲ್ಲಿ ಚಿತ್ರವನ್ನು ಎಡಬಲ ತಿರುಗಿಸಬೇಕು, ಇಲ್ಲದಿದ್ದರೆ ಅಕ್ಷರಗಳು ಉಲ್ಟಾ. ಲೆನ್ಸಿನ ಬೆಳಕು ಬಟ್ಟೆ ದಾಟಿ ನೋಡುವವರ ಕಣ್ಣಿಗೆ ಚುಚ್ಚುತ್ತದೆ. ಅದಕ್ಕೆ ಪ್ರೊಜೆಕ್ಟರ್‌ನ್ನು ನೆಲದ ಮೇಲಿಟ್ಟು ಮೂತಿ ಮೇಲಕ್ಕೆತ್ತಿ, ಚಿತ್ರ ಓರೆಯಾದರೆ ಕೀಸ್ಟೋನ್‌ನಲ್ಲಿ ಸರಿಮಾಡುತ್ತೇವೆ. ಜಾಷ್ ಪರದೆ ಕಿತ್ತ ಕೂಡಲೇ ಮಕ್ಕಳು ನಮ್ಮ ಬಟ್ಟೆಯ ಅಂಚು ಎತ್ತಿ ಒಳಗೆ ಇಣುಕುತ್ತಾರೆ. ಗೆಳೆಯ ಅಲ್ಲೇ ಕೂತಿರುತ್ತಾನೆ. ಹಾಗಾಗಿ ಅವನಿಗೆ ಈಗ ಜಾಷ್ ಅಂದರೆ ಸ್ವಲ್ಪ ಭಯ.