70 ಅಕ್ಷರದೊಳಗೆ ಕನ್ನಡ: ನನ್ನ ಇಂಟರ್ನ್‌ಶಿಪ್ ಅನುಭವ

ಇಂಟರ್ನ್‌ಶಿಪ್‌ಗೆ ಸೇರಿದ ಎರಡನೇ ವಾರ ಸಿಕ್ಕ ಕೆಲಸ ಇಷ್ಟೇ. ಡಾಕ್ಟರ್ ಅಪಾಯಿಂಟ್‌ಮೆಂಟ್ ನೆನಪಿಸುವ ಎಸ್‌ಎಂಎಸ್ ಇಂಗ್ಲಿಷ್‌ನಲ್ಲಿ ಹೋಗುತ್ತಿತ್ತು, ಅದು ಕನ್ನಡದಲ್ಲೂ ಹೋಗಬೇಕು. ಬೆಂಗಳೂರಿನ ಆಫೀಸೇ ಆದರೂ ನಮ್ಮ ಟೀಮಿನಲ್ಲಿ ಕನ್ನಡ ಓದಲು ಬರುತ್ತಿದ್ದದ್ದು ನನಗೊಬ್ಬನಿಗೇ. ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್ ಮಾಡಿ ಬಂದವನಿಗೆ ಇದೇನು ಕೆಲಸ ಅನ್ನಿಸಿತು. ಅರ್ಧ ದಿನದಲ್ಲಿ ಮುಗಿಸಿದೆ.

‘ಪ್ರಿಯ ಗ್ರಾಹಕರೇ, ನಿಮ್ಮ ಭೇಟಿಯ ಸಮಯವನ್ನು ನಾಳೆ ಬೆಳಿಗ್ಗೆ 10 ಗಂಟೆಗೆ ನಿಗದಿಪಡಿಸಲಾಗಿದೆ. ದಯವಿಟ್ಟು 15 ನಿಮಿಷ ಮುಂಚಿತವಾಗಿ ಆಗಮಿಸಿ.’

ಎಷ್ಟು ಚೆನ್ನಾಗಿದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ಟೆಸ್ಟ್ ಮಾಡಿದಾಗ ಫೋನಿಗೆ ಸರಿಯಾಗೇ ಬಂತು. ಆದರೆ ಲೆಕ್ಕದಲ್ಲಿ ಒಬ್ಬರಿಗೆ ಎರಡೆರಡು ಮೆಸೇಜ್ ಅಂತ ತೋರಿಸುತ್ತಿತ್ತು. ಕೋಡ್ ಎರಡು ಸಲ ಓಡುತ್ತಿದೆ ಅಂದುಕೊಂಡೆ. ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೇನೋ ಅಂತ ಒಂದೂವರೆ ದಿನ ಸುಮ್ನೆ ಒದ್ದಾಡಿದೆ. ಕೊನೆಗೆ ಮೆಂಟರ್ ಹತ್ತಿರ ಹೋದೆ. (ಅಲ್ಲಿ ಎಲ್ಲರನ್ನೂ ಹೆಸರು ಹಿಡಿದು ಕರೆಯಬೇಕು. ನನ್ನ ಬಾಯಿಗೆ ಬರುತ್ತಿದ್ದದ್ದು ‘ಸರ್’ ಮಾತ್ರ.) ಅವರು ಕೇಳಿದ್ದು ಒಂದೇ ಪ್ರಶ್ನೆ: ಉದ್ದ ಎಷ್ಟಿದೆ?

ಒಂದು ಎಸ್‌ಎಂಎಸ್‌ನಲ್ಲಿ ಹಿಡಿಯುವುದು 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ. ಕನ್ನಡಕ್ಕೆ ಎಲ್ಲ ಲಿಪಿಗಳನ್ನೂ ಹಿಡಿಸುವ ಯೂನಿಕೋಡ್ ಬೇಕು, ಒಂದಕ್ಕೆ 16 ಬಿಟ್, ಹಾಗಾಗಿ 70. ಇಂಗ್ಲಿಷ್ ಮೆಸೇಜಿನಲ್ಲಿ ಒಂದೇ ಒಂದು ಕನ್ನಡ ಅಕ್ಷರ ಸೇರಿಸಿದರೂ ಇಡೀ ಮೆಸೇಜಿಗೆ ಇದೇ ಲೆಕ್ಕ. 70 ದಾಟಿದರೆ ಅದು ತುಂಡಾಗುತ್ತದೆ. ತುಂಡುಗಳನ್ನು ಜೋಡಿಸುವ ಮಾಹಿತಿಗೂ ಜಾಗ ಬೇಕಲ್ಲ, ಆಗ ಒಂದೊಂದರಲ್ಲಿ 67 ಮಾತ್ರ. ಕಂಪನಿಗೆ ಬಿಲ್ ಬರುವುದೂ ತುಂಡಿನ ಲೆಕ್ಕದಲ್ಲೇ.

ಜೊತೆಗೆ, ನಾವು ಒಂದಕ್ಷರ ಅನ್ನುವುದು ಕಂಪ್ಯೂಟರಿಗೆ ಒಂದಲ್ಲ. ‘ಲಕ್ಷ್ಮಿ’ ನಮಗೆ ಎರಡಕ್ಷರ. ಕಂಪ್ಯೂಟರಿಗೆ ಏಳು: ಲ, ಕ, ವಿರಾಮ (ಒತ್ತಕ್ಷರಕ್ಕೆ ಜೋಡಿಸುವ ಗುರುತು), ಷ, ಇನ್ನೊಂದು ವಿರಾಮ, ಮ, ಗುಡಿಸು. ನನ್ನ ಮೆಸೇಜನ್ನು ಪೈಥಾನ್‌ಗೆ ಕೊಟ್ಟು ಎಣಿಸಿದೆ. 114. ಅಂದರೆ ಎರಡು ತುಂಡು, ಲೆಕ್ಕದಲ್ಲಿ ಎರಡು ಮೆಸೇಜ್.

ಆ ರಾತ್ರಿ ಪಿಜಿಯಿಂದ ಅಮ್ಮನಿಗೆ ಅದನ್ನೇ ಕಳಿಸಿ ಓದಿಸಿದೆ. ಓದಿದರು. ಆಮೇಲೆ, ‘ನಿಗದಿಪಡಿಸಲಾಗಿದೆ ಅಂದ್ರೆ? ನಾನು ಹೋಗ್ಬೇಕೋ, ಅವರೇ ಫೋನ್ ಮಾಡ್ತಾರೋ?’ ಅಂದರು. ಬಿಲ್ಲಿಗಿಂತ ಜಾಸ್ತಿ ನಾಚಿಕೆಯಾಗಿದ್ದು ಆಗ. ಮನೆಯಲ್ಲಿ ಯಾರೂ ಆಡದ ಕನ್ನಡವನ್ನು ನಾನು ಅಮ್ಮನ ವಯಸ್ಸಿನವರಿಗೇ ಬರೆದಿದ್ದೆ.

ಮಾರನೇ ದಿನ ಬರೆದದ್ದು:

‘ನಾಳೆ ಬೆಳಿಗ್ಗೆ 10ಕ್ಕೆ ಡಾಕ್ಟರ್ ಭೇಟಿ. 15 ನಿಮಿಷ ಮೊದಲೇ ಬನ್ನಿ.’

56. ಉಳಿದ 14ರಲ್ಲಿ ಕ್ಲಿನಿಕ್ ಹೆಸರು. ‘ಪ್ರಿಯ ಗ್ರಾಹಕರೇ’ ಹೋಯಿತು, ‘ದಯವಿಟ್ಟು’ ಹೋಯಿತು. ‘ಬನ್ನಿ’ ಅನ್ನುವುದರಲ್ಲೇ ಮರ್ಯಾದೆ ಇದೆಯಲ್ಲ.

ಹಳೆಯ ಮೆಸೇಜ್ ಜನರಿಗೆ ಹೋಗಿರಲಿಲ್ಲ, ಪುಣ್ಯ. ಕಂಪನಿಗಳು ಕಳಿಸುವ ಎಸ್‌ಎಂಎಸ್‌ನ ಒಕ್ಕಣೆಯನ್ನು ಮೊದಲೇ ಡಿಎಲ್‌ಟಿ ಅನ್ನುವ, ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು, ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2018ರ ನಿಯಮದಿಂದ ಬಂದದ್ದು ಅದು. ಒಂದು ಪದ ಬದಲಾದರೂ ಮತ್ತೆ ಒಪ್ಪಿಗೆಗೆ ಕಾಯಬೇಕು. ಕಾದೆ.

ಆ ದಿನಗಳಲ್ಲಿ ನನಗೆ ವಿಚಿತ್ರ ಅನ್ನಿಸಿದ್ದು ಕೋಡ್ ರಿವ್ಯೂ, ಅಂದರೆ ಒಬ್ಬರು ಬರೆದ ಕೋಡನ್ನು ಟೀಮಿನ ಇನ್ನೊಬ್ಬರು ನೋಡಿ ಒಪ್ಪುವುದು. ವೇರಿಯೇಬಲ್ ಹೆಸರು ಸರಿಯಿಲ್ಲ ಅಂತ ಕಾಮೆಂಟ್, ಒಂದು ಖಾಲಿ ಸಾಲು ಜಾಸ್ತಿಯಾಗಿದೆ ಅಂತ ಕಾಮೆಂಟ್. ಆದರೆ ಜನ ಓದುವ ಆ ಕನ್ನಡ ಸಾಲಿಗೆ ಒಂದೂ ಇಲ್ಲ. ಎರಡೂ ಸಲ ಸೀದಾ ಪಾಸ್. ಅದರಲ್ಲಿ ತಪ್ಪಿದ್ದರೂ ಹಿಡಿಯುವವರು ಯಾರೂ ಇರಲಿಲ್ಲ. ಅದಕ್ಕೇ ಹೊರಡುವ ಮುಂಚೆ ಎರಡು ಕೆಲಸ ಮಾಡಿದೆ. 70 ದಾಟಿದರೆ ಫೇಲ್ ಆಗುವ ಟೆಸ್ಟ್ ಬರೆದೆ. ರಿವ್ಯೂ ಪಟ್ಟಿಗೆ ಒಂದು ಸಾಲು ಸೇರಿಸಿದೆ: ಕನ್ನಡ ಬದಲಾದರೆ, ಕೆಳಗಿನ ರಿಸೆಪ್ಷನ್‌ನಲ್ಲಿರುವ ಮೇಡಂ ಹತ್ತಿರ ಓದಿಸಿ.